ಗಾಜಿನ ಹಿಂದಿನ ಪಟೋಲ

ನಮ್ಮ ದ್ವೀಪದ ವಾಯಿಂಗಾಪು ಬಂದರಿನ ರಸ್ತೆಯಲ್ಲಿ ಚೀನೀ ವ್ಯಾಪಾರಿ ಬಾಬಾ ಲಿಯೆಮ್ ಅವರ ಹಳೆಯ ಕೊಬ್ಬರಿ ಗೋದಾಮು ಮ್ಯೂಸಿಯಂ ಆದಾಗ, ಅದರ ಬೀಗದ ಕೈ ಸಿಕ್ಕಿದ್ದು ನನ್ನ ನಾದಿನಿ ದೊರ್ಕಾಸ್‌ಗೆ. ಯಾರಿಗೂ ಆಶ್ಚರ್ಯವಾಗಲಿಲ್ಲ. ಅಲ್ಲಿದ್ದ ಚೀನಾದ ಜಾಡಿ, ಅನ್ನಾಮಿನ ತಟ್ಟೆ, ಜಾವಾದ ಕಂಚಿನ ದೀಪಗಳನ್ನೆಲ್ಲ ಬಾಬಾ ಅಂಗಡಿ ನಡೆಸುತ್ತಲೇ ಒಂದೊಂದಾಗಿ ಕೂಡಿಹಾಕಿದ್ದರು. ಆದರೆ ಬಟ್ಟೆಗಳ ಕೋಣೆ ತುಂಬಿದ್ದು ದೊರ್ಕಾಸ್‌ಳಿಂದ. ಬಾಬಾನ ಜೀಪು ಎಲ್ಲಿ ನಿಲ್ಲುತ್ತಿತ್ತೋ ಅಲ್ಲಿಂದ ಆಚೆಗೆ, ಮನೆಮನೆಯ ಒಳಕ್ಕೆ ಹೋಗಿ ಬರುತ್ತಿದ್ದವಳು ಅವಳು.

ಅವಳು ಹೋದ ಕೂಡಲೇ ಬಟ್ಟೆಯ ಮಾತೆತ್ತುವವಳಲ್ಲ. ಜಗಲಿಯ ಮೇಲೆ ಕೂತು ಎಲೆಯಡಿಕೆ ಚೀಲ ಬಿಚ್ಚುವಳು. ಸೊಸೆಯ ಹೆರಿಗೆ, ಹಂದಿಗೆ ಬಂದ ರೋಗ, ಪಾದ್ರಿಯ ಉದ್ದುದ್ದ ಪ್ರಸಂಗ, ಎಲ್ಲ ಆಗಬೇಕು. ಹೊತ್ತು ಇಳಿಯುವಷ್ಟರಲ್ಲಿ ಮನೆಯ ಮುದುಕಿಯೇ, "ಮೇಲೆ ಮಾಡಿನಲ್ಲಿ ನಮ್ಮತ್ತೆ ಕಾಲದ್ದೊಂದು ಇದೆ, ನೋಡ್ತೀಯೇನೇ?" ಎಂದು ಕೇಳುವ ಹಾಗೆ ಆಗಿರುತ್ತಿತ್ತು. ನೋಡಿದ ಮೇಲೆ ದೊರ್ಕಾಸ್ ನಿಟ್ಟುಸಿರು ಬಿಡುವಳು. "ಅಯ್ಯೋ, ಇಲಿ ಕಚ್ಚಿದೆ ನೋಡು ಅಜ್ಜಿ. ಇನ್ನೊಂದು ಮಳೆಗಾಲ ತಡೆಯಲ್ಲ ಇದು." ಅವಳು ಸುಳ್ಳು ಹೇಳುತ್ತಿರಲಿಲ್ಲ, ಇಲಿ ಕಚ್ಚಿರುತ್ತಿತ್ತು. ಆದರೆ ಬಾಬಾ ಕೊಡುವ ಹಣದ ಜೊತೆಗೆ ಆ ನಿಟ್ಟುಸಿರೂ ಕೆಲಸ ಮಾಡುತ್ತಿತ್ತು ಎನ್ನುವುದು ಅವಳಿಗೆ ಗೊತ್ತಿತ್ತು.

ಮ್ಯೂಸಿಯಂ ತೆರೆಯುವ ವರ್ಷ ಬಾಬಾ ಅವಳನ್ನು ಕರೆದು ಖಾಲಿ ಗಾಜಿನ ಪೆಟ್ಟಿಗೆಯೊಂದನ್ನು ತೋರಿಸಿದರು. "ಇದು ಪಟೋಲಕ್ಕೆ ಇಟ್ಟಿರೋ ಜಾಗ. ಅದೊಂದು ಇಲ್ಲದಿದ್ರೆ ಈ ಕೋಣೆ ಉಪ್ಪಿಲ್ಲದ ಸಾರು ದೊರ್ಕಾಸ್. ಈ ದ್ವೀಪದಲ್ಲಿ ಯಾರ ಹತ್ರ ಇದೆ ಅಂತ ನಿನಗೆ ಗೊತ್ತಿಲ್ವಾ?"

ಗೊತ್ತಿತ್ತು. ಗುಜರಾತಿನ ಆ ರೇಷ್ಮೆ ಯಾವುದೋ ಕಾಲದಲ್ಲಿ ಹಡಗಿನಲ್ಲಿ ಬಂದು, ಕುದುರೆಗೋ ಗಂಧದ ಮರಕ್ಕೋ ಬದಲಾಗಿ ನಮ್ಮ ಕೆಲವು ಮನೆಗಳನ್ನು ಸೇರಿದ್ದು. ಉಡುವುದಕ್ಕಲ್ಲ. ಬುಟ್ಟಿಯಲ್ಲಿ ಸುತ್ತಿ ಮಾಡಿನ ತುದಿಯಲ್ಲಿ, ತೀರಿಹೋದ ಹಿರಿಯರು ಇರುವ ಕಡೆ ಇಡುತ್ತಾರೆ. ಮನೆಯಲ್ಲಿ ಸಾವಾದಾಗ ಮಾತ್ರ ಕೆಳಗಿಳಿಸಿ ಹೆಣಕ್ಕೆ ಹೊದಿಸುತ್ತಾರೆ. ಹಾಗೆ ಹೊದಿಸಿದರೆ ಮೇಲಿನವರು ನಮ್ಮವರೇ ಎಂದು ಗುರುತು ಹಿಡಿಯುತ್ತಾರೆ. ಸಮಾಧಿಯ ದಿನ ತೆಗೆದು ಮತ್ತೆ ಮಾಡಿಗೆ ಏರಿಸುತ್ತಾರೆ. ಅಂಥದ್ದೊಂದು ನಮ್ಮೂರಿನ ರಂಬು ಪಿಂದಿಯ ಮನೆಯಲ್ಲಿತ್ತು. ರಂಬು ಪಿಂದಿ ದೊರ್ಕಾಸ್‌ಗೆ ದೊಡ್ಡಮ್ಮ, ತಾಯಿ ಸತ್ತ ಮೇಲೆ ಅವಳನ್ನು ಸಾಕಿದವಳು, ನೂಲಿಗೆ ಬಣ್ಣ ಕೊಡುವುದನ್ನು ಕಲಿಸಿದವಳು.

ಆಗ ದೊರ್ಕಾಸ್‌ಳ ಮಗಳನ್ನು ಕುಪಾಂಗಿನ ನರ್ಸಿಂಗ್ ಶಾಲೆಗೆ ಸೇರಿಸುವ ಹೊತ್ತು. ಬಾಬಾನ ಮಾತಿಗೆ ಅವಳು ಒಪ್ಪಿದ್ದಕ್ಕೆ ಅದೂ ಒಂದು ಕಾರಣ. ಇನ್ನೊಂದನ್ನು ಅವಳೇ ಆಮೇಲೆ ನನ್ನ ಹತ್ತಿರ ಹೇಳಿದ್ದು: "ಅತ್ತಿಗೆ, ನನ್ನಿಂದ ಆಗಲ್ಲ ಅಂತ ಬಾಬಾ ಎದುರಿಗೆ ಹೇಳೋಕೆ ನಾಲಿಗೆ ಏಳಲಿಲ್ಲ."

ದೊಡ್ಡಮ್ಮನಿಗೆ ಅವಳು ಹೇಳಿದ್ದು ಹೀಗೆ: "ಮಾರೋದಲ್ಲ ದೊಡ್ಡಮ್ಮ. ಬಾಬಾ ಗಾಜಿನೊಳಗೆ ಜೋಪಾನವಾಗಿ ಇಟ್ಟಿರ್ತಾರೆ ಅಷ್ಟೆ. ನಿನ್ನದು ನಿನ್ನದೇ. ಬೇಕಾದಾಗ ನಾನೇ ತಂದುಕೊಡ್ತೀನಿ."

ಮುದುಕಿ ನಕ್ಕಳು. "ಅದು ಬೇಕಾಗೋದು ನಾನು ಸತ್ತಾಗ ಕಣೇ. ಆಗ ಎದ್ದುಬಂದು ಕೇಳೋಕೆ ನನ್ನ ಕೈಲಾಗಲ್ಲ. ನೀನೇ ನೆನಪಿಟ್ಕೋಬೇಕು."

ಬಾಬಾನಿಗೆ ಅವಳು ಹೇಳಿದ್ದು ಬೇರೆ: "ದೊಡ್ಡಮ್ಮ ಕೊಟ್ಟುಬಿಟ್ಟರು ಬಾಬಾ." ಬಾಬಾ ಸಂತೋಷದಿಂದ ಒಳ್ಳೆಯ ಬೆಲೆಯನ್ನೇ ಕೊಟ್ಟರು. ಮಗಳು ಕುಪಾಂಗಿಗೆ ಹೋದಳು.

ದೊಡ್ಡಮ್ಮ ಹಾಗೆ ಬರುತ್ತಾಳೆ ಎಂದು ದೊರ್ಕಾಸ್ ಎಣಿಸಿರಲಿಲ್ಲ. ಸಂತೆಗೆ ಬಂದಾಗಲೆಲ್ಲ ಮುದುಕಿ ಮ್ಯೂಸಿಯಂಗೆ ಬಂದಳು. ಬಾಗಿಲಲ್ಲಿ ಎಲೆಯಡಿಕೆ ಉಗುಳಿ ಬಾಯಿ ತೊಳೆದು, ಗಾಜಿನ ಮುಂದೆ ನೆಲದ ಮೇಲೆ ಕಾಲು ಮಡಿಸಿ ಕೂರುವಳು. "ಏನೇ, ಫ್ಯಾನ್ ಗಾಳಿ ಬೇರೆ ನಿನಗೆ! ಮನೆಗೆ ಬಂದ ಮೇಲೆ ಸೆಕೆ ಗಿಕೆ ಅನ್ನಬೇಡ ಮತ್ತೆ," ಎಂದು ಬಟ್ಟೆಯ ಹತ್ತಿರ ಮಾತಾಡುವಳು. ನೋಡಲು ಬಂದ ಹೊರಗಿನವರ ಮೊಣಕೈ ಹಿಡಿದೆಳೆದು, "ಇದು ನಂದು," ಎನ್ನುವಳು. ಅವರಿಗೆ ಅರ್ಥವಾಗದೆ ನಕ್ಕು ಫೋಟೋ ತೆಗೆದುಕೊಳ್ಳುವರು.

ಒಂದು ಸಲ ಪೆಟ್ಟಿಗೆಯ ಮೇಲಿನ ಹಿತ್ತಾಳೆ ಫಲಕವನ್ನು ಬೆರಳಿನಿಂದ ಸವರುತ್ತ ಕೇಳಿದಳು. "ಏನು ಬರೆದಿದಾರೆ ಇದರಲ್ಲಿ? ನನ್ನ ಹೆಸರಿದೆಯಾ?"

ಫಲಕದ ಮೇಲೆ ಇದ್ದದ್ದು ಲಿಯೆಮ್ ಕುಟುಂಬದ ಹೆಸರು.

"ಇದೆ ದೊಡ್ಡಮ್ಮ," ಎಂದಳು ದೊರ್ಕಾಸ್.

"ಎಲ್ಲಿ, ತೋರಿಸು."

ದೊರ್ಕಾಸ್ ಬೆರಳಿಟ್ಟು ತೋರಿಸಿದಳು. ಮುದುಕಿ ಆ ಅಕ್ಷರಗಳನ್ನು ತುಂಬ ಹೊತ್ತು ನೋಡಿದಳು. ಮೊದಲ ಸುಳ್ಳನ್ನು ಮಗಳಿಗಾಗಿ ಹೇಳಿದೆ ಎಂದು ದೊರ್ಕಾಸ್ ಮನಸ್ಸಿಗೆ ಸಮಾಧಾನ ಹೇಳಿಕೊಳ್ಳಬಹುದಿತ್ತು. ಈ ಎರಡನೆಯದಕ್ಕೆ ಯಾವ ನೆಪವೂ ಇರಲಿಲ್ಲ. ಆಮೇಲೂ ಸಂತೆಗೆ ಬರುವಾಗ ಅವಳಿಗಾಗಿ ಜೋಳದ ರೊಟ್ಟಿ, ಒಣಮೀನು ತರುತ್ತಿದ್ದಳಲ್ಲ ಮುದುಕಿ, ಅದನ್ನು ದೊರ್ಕಾಸ್ ಮನೆಗೆ ಒಯ್ಯದೆ ಪಕ್ಕದ ಅಂಗಡಿಯವರಿಗೆ ಕೊಟ್ಟುಬಿಡುತ್ತಿದ್ದಳು.

ಬಾಬಾ ತೀರಿಕೊಂಡರು. ಸುರಬಾಯಾದಲ್ಲಿದ್ದ ಅವರ ಮಗಳು ಸೆಲ್ವಿ ಬಂದು ಮ್ಯೂಸಿಯಂ ನೋಡಿಕೊಳ್ಳತೊಡಗಿದಳು. ಹುಡುಗಿ ಒಳ್ಳೆಯವಳು, ದೊರ್ಕಾಸ್‌ಳನ್ನು ಅಮ್ಮಾ ಎಂದೇ ಕರೆಯುತ್ತಿದ್ದಳು. ಇವಳಿಗೆ ಅವಳು ನೋನಾ, ಎಂದರೆ ಚಿಕ್ಕ ಯಜಮಾನಿ. ಈಗಲಾದರೂ ಹೇಳಿಬಿಡಬೇಕು ಎಂದುಕೊಂಡು ಇವಳು ಬಾಯಿ ತೆರೆದಾಗಲೆಲ್ಲ ಸೆಲ್ವಿ ಅಪ್ಪನ ಸುದ್ದಿ ಎತ್ತಿ ಕಣ್ಣೀರು ಒರೆಸಿಕೊಳ್ಳುವಳು. ಹೀಗೆ ದಿನ ಹೋಗುತ್ತಿರುವಾಗ ಒಂದು ಬೆಳಿಗ್ಗೆ ಬಣ್ಣದ ಮಡಕೆಯ ಹತ್ತಿರ ಕೂತಿದ್ದ ರಂಬು ಪಿಂದಿ ಅಲ್ಲೇ ಒರಗಿಕೊಂಡಳು. ಮತ್ತೆ ಏಳಲಿಲ್ಲ.

ಸುದ್ದಿ ಕೇಳಿದ ದೊರ್ಕಾಸ್ ಸೆಲ್ವಿಯ ಮುಂದೆ ಹೋಗಿ ನಿಂತಳು. ನಿಜ ಹೇಳಲು ಹೋದವಳ ಬಾಯಿಂದ ಬಂದದ್ದು ಇನ್ನೊಂದೇ. "ನೋನಾ, ನಮ್ಮ ದೊಡ್ಡಮ್ಮನಿಗೆ ಆ ಪಟೋಲ ಅಂದ್ರೆ ಪ್ರಾಣ. ಮಣ್ಣು ಮಾಡೋ ತನಕ ಅದನ್ನ ಹೊದಿಸೋಕೆ ಕೊಡ್ತೀರಾ? ಆಮೇಲೆ ನಾನೇ ತಂದಿಡ್ತೀನಿ."

ಸೆಲ್ವಿ ಸ್ವಲ್ಪ ಯೋಚಿಸಿ ಒಪ್ಪಿದಳು. "ನಿಮಗೋಸ್ಕರ ಕೊಡ್ತೀನಿ ಅಮ್ಮಾ. ಸಮಾಧಿ ದಿನ ನಾನೂ ಬರ್ತೀನಿ, ಹಾಗೇ ತಗೊಂಡು ಬರೋಣ."

ನಮ್ಮಲ್ಲಿ ಹೆಣವನ್ನು ಮಂಡಿ ಮಡಿಸಿ ಕೂರಿಸಿ, ಬಟ್ಟೆಯ ಮೇಲೆ ಬಟ್ಟೆ ಸುತ್ತುತ್ತಾರೆ. ನೆಂಟರೆಲ್ಲ ಕೂಡುವ ತನಕ ಅದು ಮನೆಯಲ್ಲೇ ಇರುತ್ತದೆ. ಊಟ ಇಡುತ್ತೇವೆ, ಮಾತಾಡಿಸುತ್ತೇವೆ. ದೊರ್ಕಾಸ್ ಪಟೋಲ ತಂದು ಎಲ್ಲಕ್ಕಿಂತ ಮೇಲೆ ಹೊದಿಸಿದಾಗ ಹೆಂಗಸರ ಅಳು ಒಮ್ಮೆಲೇ ಜೋರಾಯಿತು. ದೊಡ್ಡಮ್ಮನ ಮಗ ಹಿನಾ ಗಟ್ಟಿ ಮನುಷ್ಯ, ಸುಲಭಕ್ಕೆ ಯಾರನ್ನೂ ಹೊಗಳುವವನಲ್ಲ. ಅವನೇ ಎದ್ದುಬಂದು, ನಮ್ಮ ಕಡೆ ಮರ್ಯಾದೆ ತೋರಿಸುವ ಹಾಗೆ, ಎಲ್ಲರೆದುರು ತಂಗಿಯ ಮೂಗಿಗೆ ತನ್ನ ಮೂಗು ತಾಗಿಸಿದ. "ಹೋದದ್ದು ಬರಲ್ಲ ಅಂತ ನಾನು ಅಮ್ಮನ ಹತ್ರ ಜಗಳ ಆಡಿದ್ದೆ. ನೀನು ಮಾತು ಉಳಿಸಿಕೊಂಡೆ," ಎಂದ. ಬಂದ ನೆಂಟರಿಗೆಲ್ಲ ಅದನ್ನೇ ಹೇಳಿದ. ಒಬ್ಬೊಬ್ಬರು ಹೊಗಳಿದ ಹಾಗೆಲ್ಲ ದೊರ್ಕಾಸ್ ಗೋಡೆಗೆ ಒತ್ತಿಕೊಂಡು ಮುದುಡುತ್ತ ಹೋದಳು. ಅನ್ನ ಬಡಿಸಲು ಕರೆದರೆ ಏಳಲಿಲ್ಲ. ದುಃಖಕ್ಕೆ ಹೀಗಾಗಿದ್ದಾಳೆ ಎಂದು ನಾವು ತಿಳಿದೆವು.

ಸಮಾಧಿಯ ದಿನ ಗಂಟೆಗಳನ್ನು ಬಾರಿಸುತ್ತಿದ್ದ ಹಾಗೆ ಸೆಲ್ವಿಯ ಕಾರು ಬಂತು. ಅವಳು ಕಪ್ಪು ಬಟ್ಟೆ ಉಟ್ಟು, ಸಕ್ಕರೆ ಕಾಫಿಪುಡಿ ತಂದು, ಶಾಸ್ತ್ರದಂತೆ ಹೆಣದ ಮುಂದೆ ಕೂತಳು. ಹಿನಾ ಬಟ್ಟೆಯ ಬುಟ್ಟಿ ತರಿಸಿ, ಏಣಿ ಹಾಕಲು ಹೇಳಿದ. ಸೆಲ್ವಿ ಮೆಲ್ಲಗೆ, "ಬುಟ್ಟಿ ಬೇಡಣ್ಣಾ, ನಾನು ಪೆಟ್ಟಿಗೆ ತಂದಿದೀನಿ," ಎಂದಳು.

"ಪೆಟ್ಟಿಗೆ ಯಾಕಮ್ಮಾ? ಮಾಡಿಗೆ ಏರಿಸೋದು ತಾನೇ?"

ಇಬ್ಬರೂ ದೊರ್ಕಾಸ್‌ಳ ಕಡೆ ತಿರುಗಿದರು.

ಅವಳು ತೆವಳಿಕೊಂಡು ಹೆಣದ ಹತ್ತಿರ ಹೋಗಿ ಅದರ ಮಂಡಿಯ ಮೇಲೆ ಕೈಯಿಟ್ಟಳು. "ದೊಡ್ಡಮ್ಮ, ನಾನು ನಿನ್ನ ಬಟ್ಟೆ ಮಾರಿಬಿಟ್ಟಿದ್ದೆ. ನಿನಗೆ ಒಂದು ಹೇಳಿದೆ, ಬಾಬಾಗೆ ಒಂದು ಹೇಳಿದೆ. ದುಡ್ಡು ನಾನು ತಿಂದೆ. ಆ ಫಲಕದಲ್ಲಿ ನಿನ್ನ ಹೆಸರಿಲ್ಲ ದೊಡ್ಡಮ್ಮ. ಯಾವತ್ತೂ ಇರಲಿಲ್ಲ."

ಹೊರಗೆ ಗಂಟೆ ಬಾರಿಸುವವರು ಏನೂ ಗೊತ್ತಿಲ್ಲದೆ ಬಾರಿಸುತ್ತಲೇ ಇದ್ದರು.

ಹಿನಾ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತೇನೋ. "ಒಳ್ಳೇ ಹೊತ್ತು ನೋಡಿ ಹೇಳಿದೆ ತಂಗಿ," ಎಂದ. "ಪ್ರತಿ ಸಂತೆಗೂ ನಿನ್ನೆದುರಿಗೆ ಕೂತಿದ್ಲು. ಆಗ ಅವಳಿಗೆ ಬಾಯಿತ್ತು. ಕ್ಷಮಿಸ್ತಿದ್ಲೋ, ಉಗೀತಿದ್ಲೋ, ಏನೋ ಒಂದು ಅವಳೇ ಹೇಳ್ತಿದ್ಲು. ಈಗ ಯಾರು ಹೇಳ್ಬೇಕು ನಿನಗೆ? ನಾನಾ?"

ಸೆಲ್ವಿ ಬಿಳಿಚಿಕೊಂಡಿದ್ದಳು. "ನಮ್ಮಪ್ಪ ಆ ಅಜ್ಜಿ ಬಂದಾಗಲೆಲ್ಲ ಕುರ್ಚಿ ಹಾಕಿಸ್ತಿದ್ರು. ಮೋಸದ್ದು ಅಂತ ಗೊತ್ತಿದ್ರೆ ಒಂದು ದಿನ ಇಟ್ಕೊಳ್ತಿದ್ರಾ? ಅವರನ್ನೂ ಕಳ್ಳ ಮಾಡಿಬಿಟ್ರಲ್ಲ ಅಮ್ಮಾ," ಎಂದಳು. ಆಮೇಲೆ ಎದ್ದು ಹಿನಾನಿಗೆ ತಲೆ ಬಾಗಿಸಿ, ಪೆಟ್ಟಿಗೆಯನ್ನು ಖಾಲಿಯಾಗಿಯೇ ಎತ್ತಿಕೊಂಡು ಹೋದಳು. ಪಟೋಲ ಏಣಿ ಹತ್ತಿ ಮಾಡು ಸೇರಿತು. ರಂಬು ಪಿಂದಿಯನ್ನು ಮಣ್ಣು ಮಾಡುವಾಗ ದೊರ್ಕಾಸ್ ಎಲ್ಲರ ಹಿಂದೆ ನಿಂತಿದ್ದಳು. ಅವಳ ಪಕ್ಕದಲ್ಲಿ ನಾನೊಬ್ಬಳೇ ಇದ್ದೆ.

ಊರಿನ ಹಿರಿಯರು ತಪ್ಪಿಗೆ ಕುದುರೆಯನ್ನೂ ಹಂದಿಯನ್ನೂ ಕೊಡಬೇಕೆಂದು ಹೇಳಿದರು. ಅವಳ ಮಗಳು ಸಂಬಳದಿಂದ ತೆತ್ತಳು. ಹಿನಾ ತೆಗೆದುಕೊಂಡ, ಆದರೆ ಈಗಲೂ ತಂಗಿ ಬಂದರೆ ಎಲೆಯಡಿಕೆಯ ಬುಟ್ಟಿಯನ್ನು ತಾನು ಮುಂದೆ ತಳ್ಳುವುದಿಲ್ಲ. ಹೆಂಡತಿಯ ಕೈಯಿಂದ ಕೊಡಿಸುತ್ತಾನೆ.

ಮ್ಯೂಸಿಯಂನ ಬೀಗದ ಕೈಯನ್ನು ದೊರ್ಕಾಸ್ ಮಾರನೆಯ ವಾರವೇ ಒಪ್ಪಿಸಲು ಹೋದಳು. ಸೆಲ್ವಿ ತೆಗೆದುಕೊಂಡಳು. ತೆಗೆದುಕೊಂಡ ಮೇಲೆ ಕೇಳಿದಳು, "ಉಳಿದ ಬಟ್ಟೆಗಳು?"

"ಅವನ್ನ ಅವರೇ ಕೊಟ್ಟದ್ದು ನೋನಾ. ಆದ್ರೆ ಕೊಡೋ ಹಾಗೆ ಮಾಡಿದ್ದು ನಾನು."

"ಹಾಗಾದ್ರೆ ನನ್ನ ಜೊತೆ ಬನ್ನಿ. ಒಬ್ಬೊಬ್ಬರನ್ನೂ ಕೇಳೋಣ."

ಈಗ ಇಬ್ಬರೂ ಊರೂರು ಸುತ್ತುತ್ತಾರೆ. ದಾರಿಯಲ್ಲಿ ಸೆಲ್ವಿ ಹೆಚ್ಚು ಮಾತಾಡುವುದಿಲ್ಲ. ಕೆಲವರು ಬಟ್ಟೆ ವಾಪಸು ಬೇಕು ಎಂದರು, ಅವರಿಗೆ ಇವರು ಕೊಟ್ಟರು. ಕೆಲವರು, "ಇಲಿ ಬಾಯಿಗೆ ಹಾಕೋಕಾ? ಅಲ್ಲೇ ಇರಲಿ ಬಿಡಿ," ಎಂದು ನಕ್ಕರು. ಒಬ್ಬಳು ಅಂಗಳದಲ್ಲೇ ತಡೆದು, "ಸಾಲದಾಯ್ತಾ, ಮತ್ತೆ ಬಂದೆಯಾ?" ಎಂದು ದೊರ್ಕಾಸ್‌ಳ ಮೇಲೆ ನಾಯಿ ಛೂ ಬಿಟ್ಟಳು. ಬೆಟ್ಟದ ಮೇಲಿನ ಊರಲ್ಲಿ ಕಣ್ಣು ಕಾಣದ ಮುದುಕಿಯೊಬ್ಬಳು ಎಲ್ಲ ಕೇಳಿಸಿಕೊಂಡು, ತನ್ನ ಮನೆಯಲ್ಲಿ ಅಂಥ ಬಟ್ಟೆ ಇತ್ತೆಂಬುದೇ ನೆನಪಿಲ್ಲವಲ್ಲ ಎಂದಳು. ದೊರ್ಕಾಸ್ ಅವಳ ಪಕ್ಕ ಕೂತು, ಅಂಚಿನಲ್ಲಿ ಸೀಗಡಿ ಇತ್ತು, ನಡುವೆ ಕುದುರೆಗಳಿದ್ದವು, ಕೆಂಪು ನಿಮ್ಮತ್ತೆಯ ಕೈಯ ಕೆಂಪು ಎಂದು ನೆನಪು ಮಾಡಿಕೊಡುತ್ತ ಹೋದಳು. ಮುದುಕಿ ನೆನಪಿಲ್ಲವೆಂದು ತಲೆ ಅಲ್ಲಾಡಿಸುತ್ತಲೇ ಇದ್ದಳು. ಸೆಲ್ವಿ ಕಾರಿನ ಹಾರನ್ ಒತ್ತಿದರೂ ದೊರ್ಕಾಸ್ ಏಳಲಿಲ್ಲವಂತೆ.