ಒಂದು ಸುತ್ತಿಗೊಂದು ಧಡ್

ಸೈಕಲ್ ರಿಪೇರಿಯವನಿಗೆ ಬೀದಿಯವರು 'ಇಂಜಿನಿಯರು' ಎಂದು ಹೆಸರಿಟ್ಟದ್ದು ತಮಾಷೆಗೆ. ಅವನು ಅದನ್ನು ಬಿರುದೆಂದೇ ತಿಳಿದು ಅಂಗಡಿಯ ಬಾಗಿಲ ಮೇಲೆ ಬರೆಸಿಕೊಂಡ. ಊರಿನ ಸೈಕಲ್‌ಗಳೆಲ್ಲ ಅವನ ಕೈಯಲ್ಲಿ ಪಳಗಿದ್ದವು. ಅವನಿಗೆ ಸವಾರಿ ಮಾತ್ರ ಬರುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಕಲಿಯಹೋಗಿ ಚರಂಡಿಗೆ ಬಿದ್ದವನು ಮತ್ತೆ ಸೈಕಲ್ ಹತ್ತಿರಲಿಲ್ಲ. ಕೇಳಿದವರಿಗೆ, ಡಾಕ್ಟರು ತಾನೇ ಔಷಧಿ ಕುಡಿದು ನೋಡುತ್ತಾನೆಯೇ ಎಂದು ಬಾಯಿ ಮುಚ್ಚಿಸುತ್ತಿದ್ದ. ಗಾಡಿಯನ್ನು ತಲೆಕೆಳಗೆ ನಿಲ್ಲಿಸಿ, ಚಕ್ರ ತಿರುಗಿಸಿ, ಕಣ್ಣು ಮುಚ್ಚಿ ಕಿವಿಗೊಡುವುದೇ ಅವನ ಪರೀಕ್ಷೆ.

ಯುದ್ಧ ಬಂತು. ಪೆಟ್ರೋಲ್ ಸೈನ್ಯದ ಪಾಲಾಯಿತು, ಬೀದಿಗಳು ಗಾಜಿನ ಚೂರಿನ ಪಾಲಾದವು. ಅವನ ಹೆಂಡತಿ ಸೂಲಗಿತ್ತಿ. ಹೆರಿಗೆಗೆ ಯುದ್ಧದ ಪರಿವೆ ಇಲ್ಲವಲ್ಲ. ಅವಳ ಸೈಕಲ್ ಪಂಕ್ಚರ್ ಆಗಿ ಆಗಿ ಟ್ಯೂಬು ಚಿಂದಿಯಾಯಿತು, ಹೊಸದು ಎಲ್ಲೂ ಸಿಗಲಿಲ್ಲ. ಒಂದು ದಿನ ನಡೆದೇ ಹೋದಳು. ತಲುಪುವಷ್ಟರಲ್ಲಿ ತಡವಾಗಿತ್ತು, ಕೂಸು ಉಳಿಯಲಿಲ್ಲ. ಆ ಸಂಜೆ ಅವಳು ಉಣ್ಣಲಿಲ್ಲ, ಅವನನ್ನು ಬೈಯಲೂ ಇಲ್ಲ. ಬೈಯದಿದ್ದುದನ್ನು ಅವನಿಂದ ತಡೆದುಕೊಳ್ಳಲಾಗಲಿಲ್ಲ. ಸಾಲದ್ದಕ್ಕೆ ಸೇತುವೆಯಾಚೆ ಬೇಕರಿಯವನ ಸೊಸೆಗೂ ದಿನ ತುಂಬಿತ್ತು.

ಮರುದಿನ ಅವನು ಹಿತ್ತಲ ಗಿಡಗಳಿಗೆ ನೀರು ಬಿಡುವ ರಬ್ಬರ್ ಪೈಪನ್ನು ಕತ್ತರಿಸಿ ಟೈರುಗಳೊಳಗೆ ತುರುಕಿದ. ಗಾಳಿಯೇ ಇಲ್ಲದ ಟೈರಿನಿಂದ ಗಾಳಿ ಹೋಗುವುದೆಲ್ಲಿಂದ? ತಲೆಕೆಳಗೆ ನಿಲ್ಲಿಸಿ ತಿರುಗಿಸಿ, ಕಣ್ಣು ಮುಚ್ಚಿ ಆಲಿಸಿದ. ಸದ್ದೇ ಇಲ್ಲ. ಅಂಗಡಿಯ ಮುಂದೆ ಒಂದು ಸಣ್ಣ ಭಾಷಣವೂ ಆಯಿತು. ಭಾವಮೈದುನ ಚಪ್ಪಾಳೆ ತಟ್ಟಿ, ಇನ್ನು ಯುದ್ಧ ಗೆದ್ದ ಹಾಗೆಯೇ ಅಂದ.

ಅಷ್ಟರಲ್ಲಿ ಬೇಕರಿಯವ ಏದುಸಿರು ಬಿಡುತ್ತಾ ಬಂದ: ಸೊಸೆಗೆ ನೋವು ಶುರುವಾಗಿದೆ. ಹೆಂಡತಿ ಚೀಲ ನೇತುಹಾಕಿಕೊಂಡು ಸೈಕಲ್ ಹತ್ತಿದಳು. ಹತ್ತು ಮಾರು ಹೋಗಿರಲಿಲ್ಲ, ಧಡ್. ಇನ್ನೊಂದು ಸುತ್ತು, ಮತ್ತೆ ಧಡ್. ಪೈಪಿನ ತುದಿಗಳನ್ನು ಅವನು ಒಂದರ ಮೇಲೊಂದು ಏರಿಸಿ ಕಟ್ಟಿದ್ದ. ನೆಲ ಮುಟ್ಟದೆ ತಿರುಗುವ ಚಕ್ರ ಆ ಉಬ್ಬಿನ ಸುದ್ದಿ ಹೇಳುವುದಾದರೂ ಹೇಗೆ?

"ಇಳಿಯೇ, ಸರಿ ಮಾಡಿ ಕೊಡ್ತೀನಿ" ಎಂದು ಹಿಂದೆ ಓಡಿದ.

ಅವಳು ನಿಲ್ಲಲಿಲ್ಲ. ಗಾಜಿನ ಮೇಲೆ ಧಡ್ ಧಡ್ ಎನ್ನುತ್ತಾ ಸೇತುವೆ ದಾಟಿಬಿಟ್ಟಳು.

ಮಧ್ಯಾಹ್ನ ಮರಳಿದವಳು ಗೋಡೆ ಹಿಡಿದು ಇಳಿದಳು. "ಹೆಣ್ಣು ಮಗು. ಇಬ್ರೂ ಚೆನ್ನಾಗಿದ್ದಾರೆ. ನನ್ನ ಸೊಂಟ ಮಾತ್ರ ನಿಮ್ಮ ವಿದ್ಯೆಗೆ ಬಲಿ ಆಯ್ತು."

ಅವನು ಪೈಪು ಬಿಚ್ಚಲು ಇಕ್ಕಳ ತಂದ. ಅವಳು ಕೈ ಹಿಡಿದಳು.

"ಇರ್ಲಿ ಬಿಡಿ. ಆ ಹುಡುಗಿ ಅತ್ತೆ ಕಿಟಕೀಲಿ ನೋಡಿ, ಅಗೋ ಬಂದ್ರು ಅಂದ್ರಂತೆ. ಆ ಸದ್ದು ಹತ್ರ ಬಂದ ಹಾಗೆಲ್ಲ ಹುಡುಗಿಗೆ ಧೈರ್ಯ ಬಂತಂತೆ."

ಅವನು ಇಕ್ಕಳ ಕೆಳಗಿಟ್ಟ. ಸಂಜೆಯಾಗುವಷ್ಟರಲ್ಲಿ, ಆ ಉಬ್ಬನ್ನು ತಾನು ಬೇಕೆಂದೇ ಇಟ್ಟಿದ್ದೆಂದು ಭಾವಮೈದುನನಿಗೆ ಬಿಡಿಸಿ ಹೇಳುತ್ತಿದ್ದ. ಒಳಗೆ ಹೆಂಡತಿ ಸೀಟಿಗೆ ಹಳೆಯ ದಿಂಬು ಹೊಲಿಯುತ್ತಿದ್ದಳು. ಎಲ್ಲವೂ ಕೇಳಿಸಿತು, ಬಾಯಲ್ಲಿ ದಾರ ಕಚ್ಚಿಕೊಂಡಿದ್ದರಿಂದ ಏನೂ ಅನ್ನಲಿಲ್ಲ.