ಹಲ್ಲಕ್ಕನ ಬೂದು ಬಣ್ಣ

ಹಲ್ಲಕ್ಕನಿಗೆ ಸಿಟ್ಟು ಬಂದರೆ ಮೊದಲು ಮೂಗಿನ ತುದಿ ಕೆಂಪಾಗುತ್ತದೆ, ಆಮೇಲೆ ಮಾತು ಹೊರಡುತ್ತದೆ. ಆ ಶನಿವಾರ ಹೊಸ ಡಬ್ಬ ಬಿಚ್ಚಿ, ಆಟದ ಪ್ಲಾಸ್ಟಿಕ್ ಇಟ್ಟಿಗೆಗಳನ್ನು ಊಟದ ಮೇಜಿನ ಮೇಲೆ ಸುರಿದುಕೊಂಡಾಗ ಮಾತ್ರ ಎರಡೂ ಒಟ್ಟಿಗೇ ಆದವು.

"ಇದು ಬೂದು ಬಣ್ಣಾನಾ? ಕಣ್ಣಿಗೆ ಮಣ್ಣೆರಚ್ತಾ ಇದಾರೆ ರೀ! ಇದಕ್ಕೆ ನೀಲಿ ಬೆರೆಸಿದಾರೆ!"

ಗಂಡ ಪೇಪರಿನಿಂದ ತಲೆಯೆತ್ತಿದ. ಅವನಿಗೆ ಕಂಡಿದ್ದು ಬರೀ ಬೂದು. ಹಾಗೆಂದು ಬಾಯಿಬಿಡುವಷ್ಟು ದಡ್ಡನಲ್ಲ ಅವನು, ಮದುವೆಯಾಗಿ ಇಪ್ಪತ್ತಾರು ವರ್ಷವಾಗಿದೆ. "ಹೌದು, ಒಂಚೂರು ನೀಲಿ ಇದೆ ಅನ್ಸುತ್ತೆ," ಎಂದು ಮತ್ತೆ ಪೇಪರಿನೊಳಗೆ ಹೊಕ್ಕ.

ಹಲ್ಲಕ್ಕ ಕೆಲಸ ಮಾಡುವುದು ಕೃತಕ ಹಲ್ಲಿನ ಲ್ಯಾಬಿನಲ್ಲಿ. ಹಲ್ಲಿನ ಬಿಳುಪಿನಲ್ಲೇ ಹದಿನಾರು ಬಗೆ. ಅವುಗಳಲ್ಲಿ ಯಾವುದು ಯಾರ ಬಾಯಿಗೆ ಹೊಂದುತ್ತದೆ ಎಂದು ನೋಡಿ ಹೇಳುವುದು ಅವಳ ಇಪ್ಪತ್ತೆಂಟು ವರ್ಷದ ಕಸುಬು. ಡಾಕ್ಟರುಗಳೇ ಫೋನ್ ಮಾಡಿ "ಅಕ್ಕ, ನೀವು ಹೇಳಿದ್ರೆ ಮುಗೀತು" ಅನ್ನುತ್ತಾರೆ. ಮಾದರಿ ಹಲ್ಲುಗಳನ್ನು ಡ್ರಾಯರಿಗೆ ಹಾಕದೆ ಮೇಜಿನ ಮೇಲೆ ಬಿಟ್ಟವರಿಗೆ ಅವಳು ಉಗಿದು ಉಪ್ಪಿನಕಾಯಿ ಹಾಕುತ್ತಾಳೆ. "ಬಿಸಿಲಿಗೆ ಬಣ್ಣ ಕೆಟ್ಟರೆ ಆಮೇಲೆ ಯಾವುದಕ್ಕೆ ಹೋಲಿಸ್ತೀರಾ? ನಿಮ್ಮ ತಲೆಗಾ?"

ಭಾನುವಾರಗಳಲ್ಲಿ ಮಾತ್ರ ಹಲ್ಲು ಬಿಟ್ಟು ಇಟ್ಟಿಗೆ. ಸೈಕಲ್ ಅಂಗಡಿಯ ಮಾಳಿಗೆಯ ಕೋಣೆಯಲ್ಲಿ ಆರು ಜನ ಸೇರಿ ಮೂರು ವರ್ಷದಿಂದ ಊರಿನ ಹಳೆಯ ರೈಲು ಸೇತುವೆಯನ್ನು ಕಟ್ಟುತ್ತಿದ್ದರು. ನಿಜವಾದ ಸೇತುವೆಯನ್ನು ಕೆಡವಿ ಎಷ್ಟೋ ಕಾಲವಾಗಿದೆ. ಅದರ ಪಕ್ಕದ ರಸ್ತೆಯಲ್ಲಿ ಮೂವತ್ತು ವರ್ಷ ಬಸ್ ಓಡಿಸಿ ನಿವೃತ್ತರಾದ ಬಸ್ಸಣ್ಣ ಹಳೆಯ ಫೋಟೋಗಳನ್ನು ಹರಡಿಕೊಂಡು ಅಳತೆ ಹಾಕಿದರು, ಬಣ್ಣದ ಜವಾಬ್ದಾರಿ ಹಲ್ಲಕ್ಕನದು. ಒಂಬತ್ತು ಕಂಬಗಳಲ್ಲಿ ಎಂಟು ಮುಗಿದು, ಪೆಟ್ಟಿಗೆ ಸೇರಿ, ಗ್ರಂಥಾಲಯದ ಗೋದಾಮಿಗೆ ಹೋಗಿದ್ದವು. ಮುಂದಿನ ತಿಂಗಳ ಕೊನೆಯೊಳಗೆ ಒಂಬತ್ತನೆಯದೂ ಬಂದರೆ ಇಡೀ ಸೇತುವೆಗೆ ಗ್ರಂಥಾಲಯದ ಬಾಗಿಲಲ್ಲಿ ಗಾಜಿನ ಪೆಟ್ಟಿಗೆ ಸಿಗುತ್ತಿತ್ತು. ಬೇಕಿದ್ದದ್ದು ಇನ್ನೂ ನಾನೂರು ಇಟ್ಟಿಗೆ. ಅಂಥ ಹೊತ್ತಿನಲ್ಲಿ ಕಂಪನಿಯವರು ಯಾರಿಗೂ ಒಂದು ಮಾತು ಹೇಳದೆ ಬಣ್ಣ ಬದಲಾಯಿಸಿ ಕೂತಿದ್ದರು.

ಹಲ್ಲಕ್ಕ ಮೂರು ಪುಟದ ಪತ್ರ ಬರೆದಳು. ಮೂರು ಸಾಲಿನ ಉತ್ತರ ಬಂತು: ಹೊಸ ಛಾಯೆ ಮಕ್ಕಳಿಗೆ ಹೆಚ್ಚು ಹಿಡಿಸಿದೆ, ನಿಮ್ಮ ಪ್ರೀತಿಗೆ ಧನ್ಯವಾದಗಳು.

"ಪ್ರೀತಿಯಂತೆ ಪ್ರೀತಿ!" ಮಾಳಿಗೆಯಲ್ಲಿ ಅವಳು ಪತ್ರವನ್ನು ಮೇಜಿಗೆ ಕುಕ್ಕಿದಳು. "ಮೂರು ವರ್ಷ ಕಟ್ಟಿದ ಕಂಬಗಳಿಗೆ ಇವರು ತೇಪೆ ಹಾಕಿಸ್ತಾರೆ. ಒಂದೇ ಒಂದು ಹೊಸ ಇಟ್ಟಿಗೆ ಈ ಸೇತುವೆಗೆ ಸೇರಿದ್ರೆ ನೋಡಿ ಮತ್ತೆ!"

ಗುಂಪಿನಲ್ಲಿದ್ದ ಔಷಧಿ ಅಂಗಡಿಯವರು ಕಂಪನಿಯ ಡಬ್ಬಗಳನ್ನೆಲ್ಲ ವಾಪಸ್ ಕಳಿಸೋಣ ಎಂದರು. ಲಿಫ್ಟ್ ರಿಪೇರಿಯವನು "ಮಕ್ಕಳ ಆಟದ ಸಾಮಾನು, ಯಾರಿಗೆ ಗೊತ್ತಾಗುತ್ತೆ" ಎಂದು ಅರ್ಧ ಹೇಳಿ, ಹಲ್ಲಕ್ಕನ ಮೂಗು ನೋಡಿ ಉಳಿದರ್ಧ ನುಂಗಿದ.

ಮುಂದಿನ ಭಾನುವಾರ ಬಸ್ಸಣ್ಣ ಒಂದು ಬಟ್ಟೆ ಚೀಲ ಹೊತ್ತು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದರು.

"ಅಕ್ಕಾ, ಸಿಕ್ತು! ಇಪ್ಪತ್ತು ವರ್ಷದ ಹಿಂದೆ ಮಗಳಿಗೆ ಅಂತ ತಂದಿದ್ದು. ಅವಳು ಡ್ರಮ್ಮೇ ಬೇಕು ಅಂತ ಹಟ ಹಿಡಿದು ಇದನ್ನ ಬಿಚ್ಚಲೇ ಇಲ್ಲ. ಅಟ್ಟದಲ್ಲಿ ಡಬ್ಬ ಎಲ್ಲ ಇಲಿ ತಿಂದಿವೆ, ಇಟ್ಟಿಗೆ ಹಾಗೇ ಇದಾವೆ. ನಾನೂರು ಇದೆ, ಎಣಿಸ್ಕೊಳ್ಳಿ!"

ಹಲ್ಲಕ್ಕ ಪರ್ಸಿನಿಂದ ತನ್ನ ಮಾದರಿ ಇಟ್ಟಿಗೆ ತೆಗೆದಳು. ಹದಿನಾಲ್ಕು ವರ್ಷದಿಂದ ಲ್ಯಾಬಿನ ಕಿಟಕಿಯಲ್ಲಿ, ಕಣ್ಣೆದುರಿಗೇ ಇಟ್ಟುಕೊಂಡಿದ್ದ ಇಟ್ಟಿಗೆ ಅದು. ಇಷ್ಟು ದಿನ ಹೋಲಿಸುವ ಅಗತ್ಯ ಬಿದ್ದಿರಲಿಲ್ಲ, ಈಗ ಅದಕ್ಕೆಂದೇ ತಂದಿದ್ದಳು. ಎರಡನ್ನೂ ಬೆಳಕಿಗೆ ಹಿಡಿದಳು. ಬಸ್ಸಣ್ಣ ತಂದದ್ದು ಸ್ಪಷ್ಟವಾಗಿ ನೀಲಿಗೆ ತಿರುಗಿತ್ತು.

"ಯಾರಿಗೆ ಟೋಪಿ ಹಾಕ್ತೀರಾ ಅಣ್ಣ? ಇದು ಹೊಸ ಮಾಲು."

"ಅಕ್ಕಾ, ನಮ್ಮನೆ ಅಟ್ಟದಿಂದ ನಾನೇ ಕೈಯಾರೆ ಇಳಿಸಿದ್ದು."

"ಅಂಗಡಿಯಿಂದ ತಂದು ಅಟ್ಟದ ಕಥೆ ಕಟ್ಟಿದ್ದೀರಿ. ದಿನ ಹತ್ತಿರ ಬಂತು, ಹೇಗೋ ಒಂದು ಮುಗಿಸಿಬಿಡೋಣ ಅಂತ ತಾನೇ? ಕಂಪನಿಯವರಿಗೂ ನಿಮಗೂ ಏನು ವ್ಯತ್ಯಾಸ? ಅವರೂ ಸುಳ್ಳರು, ನೀವೂ ಸುಳ್ಳರು!"

"ಗೋದಾಮಿಗೆ ಹೋಗಿ ಕಂಬದ ಪಕ್ಕ ಒಂದ್ಸಲ ಇಟ್ಟು ನೋಡೋಣ ಬನ್ನಿ."

"ನನ್ನ ಕಣ್ಣೇ ಇಲ್ಲಿರುವಾಗ ಗೋದಾಮು ಯಾಕೆ?"

ಬಸ್ಸಣ್ಣ ಉಳಿದ ನಾಲ್ವರ ಮುಖ ನೋಡಿದರು. ಹಲ್ಲಕ್ಕನ ಕಣ್ಣಿನ ತೀರ್ಪಿಗೆ ಎದುರಾಡುವ ಧೈರ್ಯ ಯಾರಿಗಿತ್ತು? ಬಸ್ಸಣ್ಣ ಚೀಲದ ಬಾಯಿ ಕಟ್ಟಿ, ಮೆಟ್ಟಿಲಿಳಿದು ಹೋದರು. ಕಂಪನಿಗೆ ಎರಡನೇ ಪತ್ರ ಬರೆಯುವಾಗ ಸಾಕ್ಷಿಗಿರಲಿ ಎಂದು ಹಲ್ಲಕ್ಕ ಹೊಸ ಡಬ್ಬದ್ದೊಂದರ ಜೊತೆಗೆ ಅವರದೊಂದು ಇಟ್ಟಿಗೆಯನ್ನೂ ಪರ್ಸಿಗೆ ಹಾಕಿಕೊಂಡಿದ್ದಳು.

ಒಂಬತ್ತು ದಿನ ಬಿಟ್ಟು ಗಾಜಿನ ಪೆಟ್ಟಿಗೆಯ ಅಳತೆ ನೋಡಲು ಗ್ರಂಥಾಲಯಕ್ಕೆ ಹೋದವಳು, ಇರಲಿ ಎಂದು ಪೆಟ್ಟಿಗೆಯ ಟೇಪು ಕಿತ್ತು ಮೂರನೇ ಕಂಬ ಹೊರತೆಗೆದಳು. ಅದರ ಪಕ್ಕ ತನ್ನ ಮಾದರಿ ಇಟ್ಟಿಗೆ ಇಟ್ಟಳು. ಅದು ಚಹಾದ ಕಲೆ ಹತ್ತಿದ ಲೋಟದಂತೆ ಹಳದಿಯಾಗಿ ಕಂಡಿತು.

"ಯಾರ್ರೀ ನನ್ನ ಕಂಬ ತೊಳೆದಿದ್ದು?" ಎಂದು ಗ್ರಂಥಪಾಲಕರ ಮೇಲೆ ಹಾರಿದಳು. ಪೆಟ್ಟಿಗೆಗೆ ಹಾಕಿದ ಟೇಪು ಈಗಷ್ಟೇ ನಿಮ್ಮ ಕೈಯಿಂದಲೇ ಕಿತ್ತದ್ದು ಎಂದು ಆ ಪುಣ್ಯಾತ್ಮ ತೋರಿಸಿದ.

ಹಲ್ಲಕ್ಕ ಬಸ್ಸಣ್ಣನ ಇಟ್ಟಿಗೆಯನ್ನು ಕಂಬಕ್ಕೆ ಒತ್ತಿ ಹಿಡಿದಳು. ಎಲ್ಲಿ ಕಂಬ ಮುಗಿಯಿತು, ಎಲ್ಲಿ ಇಟ್ಟಿಗೆ ಶುರುವಾಯಿತು ಎಂದು ಅವಳ ಕಣ್ಣಿಗೂ ತಿಳಿಯಲಿಲ್ಲ. ಹೊಸ ಡಬ್ಬದ್ದನ್ನೂ ಹಿಡಿದಳು. ಅದು ನೀಲಿಯೇ. ಕಂಪನಿ ಮೋಸ ಮಾಡಿದ್ದು ನಿಜ, ಬಸ್ಸಣ್ಣ ಹೇಳಿದ್ದೂ ನಿಜ. ಕೆಟ್ಟಿದ್ದು ಅವಳ ಮಾದರಿ. ಹದಿನಾಲ್ಕು ವರ್ಷ ಬಿಸಿಲು ಕಾಯಿಸಿದ ಇಟ್ಟಿಗೆಯನ್ನು ಮುಂದಿಟ್ಟುಕೊಂಡು ಅವಳು ಊರಿಗೆಲ್ಲ ನ್ಯಾಯ ಹೇಳಿದ್ದಳು. ಈ ತಪ್ಪನ್ನು ಲ್ಯಾಬಿನಲ್ಲಿ ಬೇರೆ ಯಾರಾದರೂ ಮಾಡಿದ್ದರೆ ಅವಳು ಸೀಳಿಬಿಡುತ್ತಿದ್ದಳು. ಈಗ ಅಷ್ಟೂ ಸಿಟ್ಟು ಅವಳ ಮೇಲೇ ತಿರುಗಿತು, ಕಣ್ಣಲ್ಲಿ ನೀರು ಬಂತು.

ಅಲ್ಲಿಂದ ನೇರ ಬಸ್ಸಣ್ಣನ ಮನೆಗೆ. ಅವರು ಮೆಟ್ಟಿಲ ಮೇಲೆ ಕೂತು ಹಳೇ ನಲ್ಲಿ ಬಿಚ್ಚುತ್ತಿದ್ದರು. ಅವಳು ಹೇಳಿದ್ದನ್ನು ಪೂರ್ತಿ ಕೇಳಿದರು, ಸ್ಪ್ಯಾನರ್ ಕೆಳಗಿಡಲಿಲ್ಲ.

"ಎಲ್ಲರ ಮುಂದೆ ಅಂದಿದ್ದನ್ನ ಇಲ್ಲಿ ಒಬ್ಬರೇ ಬಂದು ವಾಪಸ್ ತಗೋತೀರಾ?" ಎಂದಷ್ಟೇ ಕೇಳಿದರು.

ಭಾನುವಾರ ಬಸ್ಸಣ್ಣ ಬಂದು ಬಾಗಿಲ ಬಳಿ ನಿಂತರು. ಹಲ್ಲಕ್ಕ ಎದ್ದು ನಿಂತು ಮೂರೂ ಇಟ್ಟಿಗೆಗಳನ್ನು ಮೇಜಿನ ಮೇಲಿಟ್ಟಳು. "ತಪ್ಪು ನಂದು. ನನ್ನ ಮಾದರೀನೇ ಕೆಟ್ಟಿತ್ತು. ಬಸ್ಸಣ್ಣ ನಿಜ ಹೇಳಿದ್ರು, ನಾನು ಅವರನ್ನ ಸುಳ್ಳರು ಅಂದೆ."

"ಹಾಗಾದ್ರೆ ಹೊಸ ಬಣ್ಣಾನೂ ಸರಿ ಇರಬಹುದಲ್ವಾ ಅಕ್ಕ?" ಎಂದ ಲಿಫ್ಟ್ ರಿಪೇರಿಯವನು.

"ಸರಿ ಇಲ್ಲ!" ಹಲ್ಲಕ್ಕ ಮೇಜು ಗುದ್ದಿದ ರಭಸಕ್ಕೆ ಇಟ್ಟಿಗೆಗಳು ಹಾರಿದವು. "ನಾನು ಕೆಟ್ಟವಳಾದ್ರೆ ಅವರು ಒಳ್ಳೆಯವರಾಗಿಬಿಡ್ತಾರಾ?"

ಬಸ್ಸಣ್ಣ ಮುಂದೆ ಬಂದು ಚೀಲವನ್ನು ಮೇಜಿನ ಮೇಲಿಟ್ಟರು, ಅದರ ಮೇಲೊಂದು ಮಡಿಸಿದ ಚೀಟಿ.

"ಒಂಬತ್ತನೇ ಕಂಬದ ಅಳತೆ ಪೂರ್ತಿ ಬರೆದಿದೀನಿ. ಸಮಯಕ್ಕೆ ಮುಗಿಯುತ್ತೆ."

"ನೀವಿಲ್ಲದೆ ಹೇಗೆ ಕಟ್ಟೋದು ಅಣ್ಣ? ಕೂತ್ಕೊಳ್ಳಿ."

"ಅಳತೆ ಇದೆಯಲ್ಲ ಮೇಡಂ," ಎಂದು ಅವರು ಮೆಟ್ಟಿಲ ಕಡೆ ತಿರುಗಿದರು. ಮೂರು ವರ್ಷದಲ್ಲಿ ಅವರು ಅವಳನ್ನು ಮೇಡಂ ಎಂದದ್ದು ಅದೇ ಮೊದಲು.