ಲುವಾಳ ತಿಥಿ

ಥಾಮ್ ಅಕ್ಕ ತೀರಿಕೊಂಡಳು. ಚಾಂದ್ರಮಾನದ ಒಂಬತ್ತನೆಯ ತಿಂಗಳು, ಹುಣ್ಣಿಮೆ ಕಳೆದ ಎರಡನೆಯ ದಿನ, ಬೆಳಿಗ್ಗೆ. ಅವಳ ತಿಥಿ ಯಾವತ್ತು ಎಂದು ಮುಂದೆ ಯಾರೂ ಜಗಳವಾಡದಿರಲಿ ಎಂದು ಇದನ್ನು ಮೊದಲೇ ಬರೆದಿಡುತ್ತಿದ್ದೇನೆ. ಅವಳ ಕೊನೆಯ ವರ್ಷಗಳು ಇಂಥದೊಂದು ಜಗಳದಲ್ಲೇ ಕಳೆದವು. ಅಷ್ಟು ಖುಷಿಯಾಗಿ ಅವಳು ಹಿಂದೆಂದೂ ಇರಲಿಲ್ಲ.

ಕಾಯ್ ಬೆ ಪೇಟೆಯ ದೋಣಿಗಟ್ಟೆಯ ಹಿಂದೆ ಅವಳ ಇಂಟರ್‌ನೆಟ್ ಅಂಗಡಿ. ಎಲ್ಲರ ಕೈಗೂ ಫೋನ್ ಬಂದಮೇಲೆ ಗಿರಾಕಿಗಳು ನಿಂತರು. ಒಂದು ಕಂಪ್ಯೂಟರ್ ಉಳಿಸಿಕೊಂಡು ಮಿಕ್ಕಿದ್ದನ್ನು ಮಾರಿ, ಕಬ್ಬಿನ ಹಾಲಿನ ಯಂತ್ರ ಇಟ್ಟಳು. ಬಿಡುವಿನಲ್ಲಿ ಓದಲು ನಾನು ಪಾಠ ಮಾಡುತ್ತಿದ್ದ ಶಾಲೆಯಿಂದ ಪುಸ್ತಕ ತರಿಸಿಕೊಳ್ಳುತ್ತಿದ್ದಳು. ಹಾಗೆ ಒಮ್ಮೆ ನಮ್ಮ ನದಿಸೀಮೆಯ ಆ ಹಳೆಯ ಕಾದಂಬರಿ ಕೊಟ್ಟೆ. ಅದರ ನಾಯಕಿ ಲುವಾ ಕೊನೆಗೆ ನೆರೆನೀರಿನಲ್ಲಿ ಸಾಯುತ್ತಾಳೆ. ಗಂಡನಿಲ್ಲ, ಮಕ್ಕಳಿಲ್ಲ.

ಪುಸ್ತಕ ಹಿಂದಿರುಗಿಸಲು ಬಂದವಳು ಕೇಳಿದಳು: “ಇವಳ ತಿಥಿ ಯಾರು ಮಾಡ್ತಾರೆ ಮೇಷ್ಟ್ರೇ?”

ಅದು ಕತೆ, ಅವಳು ಹುಟ್ಟೇ ಇಲ್ಲ ಎಂದೆ.

“ಹುಟ್ಟದೇ ಇದ್ದೋಳ ಬಗ್ಗೆ ಪರೀಕ್ಷೇಲಿ ಹತ್ತು ಮಾರ್ಕಿನ ಪ್ರಶ್ನೆ ಕೇಳ್ತೀರಲ್ಲ. ಒಂದು ಬಟ್ಟಲು ಅನ್ನ ಇಟ್ರೆ ನಿಮ್ಮ ಗಂಟೇನು ಹೋಗುತ್ತೆ?”

ಥಾಮ್ ಅಕ್ಕನಿಗೂ ಗಂಡ ಮಕ್ಕಳಿರಲಿಲ್ಲ.

ಆದರೆ ತಿಥಿಗೆ ದಿನ ಗೊತ್ತಿರಬೇಕು. ತಪ್ಪು ದಿನ ಎಡೆ ಇಟ್ಟರೆ ಕರೆದ ನೆಂಟರೆಲ್ಲ ಬರುತ್ತಾರೆ, ಉಣ್ಣಬೇಕಾದವಳು ಬರುವುದಿಲ್ಲ. ಕಾದಂಬರಿಯಲ್ಲಿ ದಿನ ಬರೆದಿಲ್ಲ. ಅವಳು ಸತ್ತ ಬೆಳಗು ಕೋಳಿ ಕೂಗುವಾಗ ತೆಂಗಿನ ಮೇಲೆ ದುಂಡು ಚಂದ್ರನಿದ್ದ ಎಂದಷ್ಟೇ ಇದೆ. ಹಾಗಾದರೆ ಹುಣ್ಣಿಮೆಯ ಮಾರನೆಯ ದಿನ. ಯಾವ ತಿಂಗಳು? ಅದನ್ನು ಓದಿದವರನ್ನೆಲ್ಲ ಕೇಳುವುದಕ್ಕೇ ಅವಳು ವೆಬ್‌ಸೈಟ್ ಮಾಡಿದಳು. ತಾನೇ ಕಲಿತು, ಗುಲಾಬಿ ಬಣ್ಣ ಬಳಿದು, ಮೇಲೊಂದು ಕಮಲ ಕುಣಿಸಿದಳು. ಒಂದೊಂದು ಅಧ್ಯಾಯದ ಮಳೆ, ಮೀನು, ಹೂವು ಎಲ್ಲವನ್ನೂ ಹೆಕ್ಕಿ ಹಾಕಿದಳು.

ಸೈಟಿಗೆ ಜನ ಬಂದರು. ಬೆನ್ ತ್ರೆ ಊರಿನ ತೆಂಗಿನ ಮಿಠಾಯಿ ವ್ಯಾಪಾರಿ ಖೀಯೆಮ್ ಬಂದವನು ಹೋಗಲೇ ಇಲ್ಲ. ಲುವಾ ಸತ್ತಾಗ ಅಂಗಳದಲ್ಲಿ ಮಕ್ಕಳ ಹಬ್ಬದ ಲಾಂದ್ರ ಬಿದ್ದಿತ್ತು, ಲಾಂದ್ರದ ಹಬ್ಬ ಎಂಟನೆಯ ತಿಂಗಳಲ್ಲಿ ಎಂದು ಥಾಮ್ ಅಕ್ಕನ ವಾದ. ಲುವಾ ಕೊನೆಯದಾಗಿ ಉಂಡ ಸಾರಿನಲ್ಲಿ ಅಷ್ಟೊಂದು ಹಳದಿ ಹೂವಿದೆ, ನೆರೆಗಾಲದ ಆ ಹೂವು ಅಷ್ಟು ಅರಳುವುದು ಒಂಬತ್ತನೆಯ ತಿಂಗಳೇ ಎಂದು ಖೀಯೆಮ್. ತಮ್ಮ ಮನೆಯಲ್ಲಿ ಲಾಂದ್ರ ಹೊಸ ವರ್ಷದವರೆಗೂ ನೇತಾಡುತ್ತಿರುತ್ತದೆ ಎಂದೂ ಬರೆದ.

“ನಿಮ್ಮನೇಲಿ ಗುಡಿಸೋರಿಲ್ಲ ಅಂತ ಲುವಾನ ಇನ್ನೊಂದು ತಿಂಗಳು ಉಪವಾಸ ಕೆಡವಬೇಕಾ?” ಎಂದು ಅಕ್ಕ ಉತ್ತರ ಬರೆದಳು.

ಹೀಗೇ ವರ್ಷಗಳು ಹೋದವು, ಎಡೆ ಮಾತ್ರ ಬೀಳಲಿಲ್ಲ. ಈ ವರ್ಷ ಡಾಕ್ಟರು ಹೃದಯ ಸೋತಿದೆ ಎಂದರು. ಜಗಳ ಮುಗಿಯುವ ಮೊದಲೇ ತಾನು ಹೋದರೆ ಲುವಾಗೆ ಯಾರೂ ಇರುವುದಿಲ್ಲ ಎಂಬ ಚಿಂತೆ ಅವಳಿಗೆ ಹತ್ತಿತು. ಕೊನೆಗೆ ತನ್ನ ಲೆಕ್ಕದಂತೆ ಎಂಟನೆಯ ತಿಂಗಳೇ ಊಟ ಹಾಕಿದಳು. ಬೀದಿಗೆ ಬೀದಿಯೇ ಬಂತು. ಖೀಯೆಮ್ ಮಿಠಾಯಿ ಹೊತ್ತು ಬಂದು, ಹೊಟ್ಟೆ ತುಂಬ ಉಂಡು, ದಿನ ತಪ್ಪು ಎಂದು ಎಲ್ಲರೆದುರು ಹೇಳಿದ. ಹೊರಡುವಾಗ ಮೆಲ್ಲಗೆ ಕರೆದ.

“ಮುಂದಿನ ತಿಂಗಳು ನಮ್ಮನೇಲಿ ಅಕ್ಕ, ಸರಿಯಾದ ದಿನ. ನೀವು ಬರಲೇಬೇಕು.”

ಅವಳು ಉಸಿರು ಕಟ್ಟುವಷ್ಟು ನಕ್ಕಳು. “ಒಂದು ಮನೆ ಇಲ್ಲದೋಳಿಗೆ ಎರಡು ಮನೆ ಆಯ್ತಲ್ಲ ಮೇಷ್ಟ್ರೇ,” ಎಂದಳು.

ಒಂಬತ್ತನೆಯ ತಿಂಗಳು, ಹುಣ್ಣಿಮೆಯ ಮಾರನೆಯ ದಿನ, ನಾನೇ ಅವಳನ್ನು ಬೆನ್ ತ್ರೆಗೆ ಕರೆದುಕೊಂಡು ಹೋದೆ. ಖೀಯೆಮನ ಮನೆಯವರು ಹಳದಿ ಹೂವಿನ ಹುಳಿ ಮೀನು ಸಾರು ಮಾಡಿದ್ದರು. ಸಂಜೆ ಹಿಂದಿರುಗಿದವಳು ಚಪ್ಪಲಿಯನ್ನೂ ಬಿಡದೆ ಕಂಪ್ಯೂಟರಿನ ಮುಂದೆ ಕುಳಿತಳು. ಎಡೆಯ ಫೋಟೋ ಹಾಕಿ, ಅದರ ಕೆಳಗೆ ಬರೆದಳು: “ದಿನ ತಪ್ಪು. ಸಾರು ಚೆನ್ನಾಗಿತ್ತು.”